ಜೋಗವ್ವನಿಗೊಂದು ಕಾಟು

ಇದು ಯಾವ ಊರಿನ ದವಾಖಾನೆ ಎಂದು ನಾನು ಹೇಳುವುದಿಲ್ಲ. ಹೇಳಿದರೆ, ಆ ಊರಿನವರೇ ಅಂಥವರು ಎಂದು ಉಳಿದವರು ಹಾಯಾಗಿ ಕಾಲು ಚಾಚಿ ಮಲಗುತ್ತಾರೆ. ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿ ಈ ಸೀಮೆಯದು ಎಂದರೆ ಸಾಕು. ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಹೆಂಗಸರ ವಾರ್ಡಿನ ನರ್ಸು. ಆಪರೇಷನ್ ಇದ್ದ ದಿನ ಥಿಯೇಟರಿನ ಕೆಲಸವೂ ನನ್ನ ಪಾಲಿಗೇ.

ಒಂದು ಶನಿವಾರ ಬೆಳಿಗ್ಗೆ ಡ್ಯೂಟಿಗೆ ಬಂದಾಗ ಹೊರಗಿನ ಕಟ್ಟೆಯ ಮೇಲೆ ಒಬ್ಬಳು ಎರಡೂ ಕೈಯಿಂದ ಕಿಬ್ಬೊಟ್ಟೆ ಹಿಡಿದುಕೊಂಡು ಮುಂದಕ್ಕೆ ಬಾಗಿ ಕೂತಿದ್ದಳು. ಹಸಿರು ಸೀರೆ, ಹಣೆ ತುಂಬ ಭಂಡಾರದ ಅರಿಶಿಣ, ಕೊರಳಲ್ಲಿ ಕೆಂಪು ಬಿಳಿ ಮಣಿಯ ಮುತ್ತು. ಪಕ್ಕದಲ್ಲಿ ಪಡಲಗಿ ಎನ್ನುವ ಬಿದಿರಿನ ಬುಟ್ಟಿ, ಎಲ್ಲಮ್ಮನ ಮೂರ್ತಿ ಕಟ್ಟಿದ ಹಿತ್ತಾಳೆಯ ಕೊಡ. ಜೊತೆಗೆ ಒಬ್ಬ ಮುದುಕಿ ಜೋಗತಿ. ನಮ್ಮ ಕಡೆಯವರಿಗೆ ಇಷ್ಟು ಸಾಕು, ಗೊತ್ತಾಗುತ್ತದೆ. ಬೇರೆಯವರಿಗಾಗಿ ಹೇಳುತ್ತೇನೆ. ಗಂಡೆಂದು ಹೆಸರಿಡಿಸಿಕೊಂಡು ಹುಟ್ಟಿ, ಹೆಣ್ಣಾಗಿ ಬಾಳುವವರು ಇವರು. ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು, ಸೀರೆ ಉಟ್ಟು, ಮಂಗಳವಾರ ಶುಕ್ರವಾರ ಮನೆಮನೆಗೆ ಜೋಗಕ್ಕೆ, ಅಂದರೆ ದೇವಿಯ ಹೆಸರಿನ ಭಿಕ್ಷೆಗೆ, ಬರುತ್ತಾರೆ. ಜನ ಹಿಂದಿನಿಂದ ಜೋಗಪ್ಪ ಎನ್ನುತ್ತಾರೆ, ಎದುರಿಗೆ ತಾಯಿ ಎನ್ನುತ್ತಾರೆ. ರಬಕವಿಯ ನಮ್ಮ ಮನೆಯಲ್ಲಿಯೂ ನನ್ನ ಅವ್ವ ಇಂಥವರ ಕಾಲಿಗೆ ನೀರು ಹಾಕಿ ಮೊರದ ತುಂಬ ಜೋಳ ನೀಡುತ್ತಿದ್ದಳು.

"ನಿನ್ನೆ ಮುಂಜಾನಿಂದ ಒಂದಕ್ಕ ಆಗಿಲ್ರಿ ಬಾಯಾರ" ಎಂದಳು ಮುದುಕಿ. "ಹಿಪ್ಪರಗಿ ಕಡಿಯಿಂದ ಬೆಳಕ ಹರಿಯೂದ್ರಾಗ ಬಂದೇವಿ. ಗಂಡಸರ ಕಡೆ ಹೋದ್ರ ಸೀರಿ ಉಟ್ಟಾಳ ಅಂತಾರ. ಹೆಂಗಸರ ಕಡೆ ಬಂದ್ರ ಗಂಡಸು ಅಂತಾರ. ನಾವು ಎಲ್ಲಿ ಹೋಗೂಣ್ರಿ?"

ಹೊಟ್ಟೆ ಮುಟ್ಟಿ ನೋಡಿದೆ. ಹೊಕ್ಕುಳದವರೆಗೆ ಮೂತ್ರಚೀಲ ಬಿಗಿದು ಕಲ್ಲಾಗಿತ್ತು. ಮೈಯೆಲ್ಲ ಬೆವರು. ಇದಕ್ಕೆ ಮಾಡುವ ಮೊದಲ ಕೆಲಸ ಸಣ್ಣದು, ರಬ್ಬರಿನ ನಳಿಗೆ ಹಾಕಿ ಮೂತ್ರ ಹೊರಗೆ ತೆಗೆಯುವುದು. ಆದರೆ ಗಂಡಸರಿಗೆ ಗಾಯಕ್ಕೆ ಪಟ್ಟಿ ಕಟ್ಟುವ ಡ್ರೆಸ್ಸರ್ ಹಾಕಬೇಕು, ಹೆಂಗಸರಿಗೆ ನರ್ಸ್ ಹಾಕಬೇಕು ಎನ್ನುವುದು ನಮ್ಮಲ್ಲಿ ನಡೆದು ಬಂದ ಪದ್ಧತಿ. ಆ ಪದ್ಧತಿಯ ನಡುವಿನ ಸಂದಿಯಲ್ಲಿ ಈ ಜೀವ ಸಿಕ್ಕಿಬಿದ್ದಿತ್ತು.

ಡ್ರೆಸ್ಸರನನ್ನು ಕರೆದೆ. ಅವನು ಬಾಗಿಲ ಹತ್ತಿರ ನಿಂತೇ ಹೇಳಿದ: "ಬಾಯಾರ, ನೌಕರಿ ಮಾಡೀನಿ ಖರೆ, ಮರ್ಯಾದಿ ಮಾರಿಲ್ಲ. ನಾ ಕೈ ಹಚ್ಚೂದಿಲ್ಲ."

"ನಿನ್ನ ಮರ್ಯಾದಿ ಆಕಿ ಹೊಟ್ಟ್ಯಾಗ ಹೋಗಿ ಕುಂತೈತೇನು? ಸರಿ ಆಚೆ!" ಎಂದೆ.

ಡ್ರೆಸ್ಸಿಂಗ್ ರೂಮಿನಲ್ಲಿ ಪರದೆ ಎಳೆದು ಮಲಗಿಸಿದೆ. ಅಷ್ಟರಲ್ಲಿ ಬಾಗಿಲ ಸಂದಿಯಿಂದ ನೋಡಲು ಆಳುಗಳ ಒಂದು ಗುಂಪೇ ಸೇರಿತ್ತು. ಕೆಲಸ ಹೇಳಿದರೆ ಸೊಂಟ ನೋವು, ಇದಕ್ಕೆ ಮಾತ್ರ ಎಲ್ಲರೂ ಹಾಜರ್! "ಮಂಗ್ಯಾನ ಆಟ ಹಚ್ಚೇವೇನು ಇಲ್ಲಿ?" ಎಂದು ಬಾಗಿಲು ದಢಾರನೆ ಹಾಕಿದೆ. ಆಮೇಲೆ ಅವಳನ್ನು ಕೇಳಿದೆ: "ನಿಮಗ ಏನಂತ ಕರೀಲಿ?"

ನೋವಿನಲ್ಲಿಯೂ ಅವಳು ಕಣ್ಣು ತೆರೆದು ನನ್ನನ್ನು ನೋಡಿದಳು. "ಜೋಗವ್ವ ಅನ್ರಿ ಬಾಯಾರ."

"ಜೋಗವ್ವ, ನಳಗಿ ಹಾಕಬೇಕು. ಸೀರಿ ಸರಸ್ಬೇಕಾಕೈತಿ. ಸರಸ್ಲಿ?"

"ಸರಸ್ರಿ. ಮೊಣಕಾಲ ಮ್ಯಾಲೆ ಏನರ ಹೊಚ್ಚಿ ಮುಚ್ಚ್ರಿ."

ಕುದಿಸಿದ ನಳಿಗೆ ತೆಗೆದು, ಜೆಲ್ಲಿ ಸವರಿ, ಮೆಲ್ಲಗೆ ಹಾಕಿ ನೋಡಿದೆ. ಅರ್ಧಕ್ಕೆ ಹೋಗಿ ನಿಂತಿತು. ಅದಕ್ಕಿಂತ ಸಣ್ಣದನ್ನು ಹಾಕಿದರೂ ಅದೇ ಜಾಗದಲ್ಲಿ ನಿಂತಿತು. ಜೋರು ಮಾಡಿದರೆ ಒಳಗೆ ಹರಿಯುತ್ತದೆ. ಕೈ ತೆಗೆದು ದೊಡ್ಡ ಡಾಕ್ಟರ ಕೋಣೆಗೆ ಹೋದೆ.

ನಮ್ಮ ದೊಡ್ಡ ಡಾಕ್ಟರು ಕೆಲಸ ಬಾರದವರಲ್ಲ. ಅವರ ಕೈ ಛಲೋ ಇತ್ತು. ಇಲ್ಲದ್ದು ಧೈರ್ಯ. "ಇದನ್ನ ಮಿರಜಕ್ಕ ಕಳಸ್ರಿ ಸಿಸ್ಟರ್. ಇಲ್ಲಿ ಇಟಗೊಂಡ್ರ ಊರ ತುಂಬ ಮಾತಾಗ್ತದ" ಎಂದರು.

"ಇದನ್ನ ಅಲ್ರಿ ಸಾಹೇಬ್ರ, ಈಕೀನ. ಮಿರಜ ಮುಟ್ಟೂದ್ರಾಗ ಚೀಲ ಒಡದ್ರ ಆ ಮಾತು ಯಾರ ಮ್ಯಾಲೆ ಬರ್ತೈತಿ?"

ಬಂದರು. ಹೊಕ್ಕುಳದ ಕೆಳಗೆ ಔಷಧ ಒರೆಸಿ, ಉದ್ದನೆಯ ಸೂಜಿ ಚುಚ್ಚಿ ಮೂತ್ರ ಎಳೆದರು. ಒಮ್ಮೆಲೇ ಖಾಲಿ ಮಾಡಿದರೆ ಚೀಲದಲ್ಲಿ ರಕ್ತ ಒಸರುತ್ತದೆ; ತಡೆದು ತಡೆದು ತೆಗೆದೆವು. ಮೊಸರು ನೀರಿನ ಬಣ್ಣ, ಕೆಟ್ಟ ವಾಸನೆ. ಹೊಟ್ಟೆ ಇಳಿದಂತೆ ಜೋಗವ್ವನ ಬಿಗಿದ ಮುಷ್ಟಿ ಬಿಚ್ಚಿತು. ಆಮೇಲೆ ಡಾಕ್ಟರು ಉಕ್ಕಿನ ತೆಳು ಸಲಾಕೆಯನ್ನು ಹುಷಾರಾಗಿ ಒಳಗೆ ಬಿಟ್ಟರು. 'ಟಕ್' ಎಂದಿತು. ಹರಳು. ದೊಡ್ಡದು. ಚೀಲದ ಬಾಯಿಗೆ ಅಡ್ಡ ಬಿದ್ದಿದ್ದು ಹಿಂದೆ ಸರಿಯಿತು. ಈ ಸಲ ನಳಿಗೆ ಹೋಯಿತು, ಅದನ್ನು ಬಾಟಲಿಗೆ ಜೋಡಿಸಿದೆ. ಹೊಟ್ಟೆ ಕೊಯ್ದು ಹರಳು ತೆಗೆಯಬೇಕು, ಅದಕ್ಕೆ ವಿಜಾಪುರದಿಂದ ಮಂಗಳವಾರಕ್ಕೊಮ್ಮೆ ಬರುವ ಸರ್ಜನ್ ಬೇಕು. ಅಲ್ಲಿಯವರೆಗೆ ಮಲಗಿಸುವುದು ಎಲ್ಲಿ?

"ಗಂಡಸರ ವಾರ್ಡು" ಎಂದು ಡಾಕ್ಟರು ಹೇಳಿ ಹೋದರು. ಕರೆದೊಯ್ದೆವು. ಊಟದ ಹೊತ್ತಿಗೆ ಜೋಗವ್ವ ಒಂದು ಕೈಯಲ್ಲಿ ಬಾಟಲಿ ಹಿಡಿದು, ಗೋಡೆ ಹಿಡಿದು ನಡೆಯುತ್ತ ಮತ್ತೆ ಹೊರಗೆ ಬಂದಿದ್ದಳು. ಅಲ್ಲಿ ಒಬ್ಬ ಕೋಲಿನಿಂದ ಅವಳ ಸೀರೆ ಎತ್ತಿ ನೋಡಿದ್ದನಂತೆ. ಇಡೀ ವಾರ್ಡು ನಕ್ಕಿತ್ತಂತೆ. ಕಾಲು ಮುರಿದು ಮಲಗಿದ್ದ ಆ ಗೃಹಸ್ಥನ ಇನ್ನೊಂದು ಕಾಲನ್ನೂ ಮುರಿಯಬೇಕು ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಯಾರನ್ನೂ ಕೇಳದೆ ಜೋಗವ್ವನನ್ನು ನನ್ನ ವಾರ್ಡಿಗೆ ಕರೆತಂದು, ಕಿಟಕಿ ಪಕ್ಕದ ಕಾಟಿನ ಮೇಲೆ ಮಲಗಿಸಿದೆ.

ಹೆಂಗಸರು ಗುಲ್ಲೆಬ್ಬಿಸಿದರು. ಬನಹಟ್ಟಿಯ ನೇಕಾರರ ಮನೆಯ ಬಾಣಂತಿಯೊಬ್ಬಳು ಅಲ್ಲಿದ್ದಳು, ಅವಳ ಅತ್ತೆಯದು ಎಲ್ಲರಿಗಿಂತ ದೊಡ್ಡ ಗಂಟಲು. "ಹಸಿ ಬಾಣಂತಿ ಮಲಗ್ಯಾಳ, ಇಲ್ಲಿ ಗಂಡಸನ ತಂದು ಹಾಕ್ತೀರಿ?" ನಾನು ಬಾಯಿ ತೆರೆಯುವ ಮೊದಲೇ ನಮ್ಮ ಆಯಾ ಮುಂದೆ ಬಂದಳು. ಎಲ್ಲಮ್ಮನ ಕೊಡವನ್ನು ತಂದು ಸ್ಟೂಲಿನ ಮೇಲಿಟ್ಟು, "ಯಾರ್ ಅಂತ ತಿಳದೀರಿ? ತಾಯಿ ನಡಕೋತ ಬಂದಾಳ ನಿಮ್ಮ ಹಂತ್ಯಾಕ. ಹೊರಗ ಹಾಕ್ತೀರಿ? ಹಾಕ್ರಿ, ಆಮ್ಯಾಲ ನೋಡೂಣಂತ!" ಎಂದಳು. ಒಬ್ಬೊಬ್ಬರೇ ಎದ್ದು ಬಂದು ಕೈ ಮುಗಿದರು. ಆ ಅತ್ತೆ ಕಾಲಿಗೇ ಬಿದ್ದಳು. ಅಂತೂ ಬಗೆಹರಿಯಿತಲ್ಲ ಎಂದು ನಾನು ಉಸಿರು ಬಿಟ್ಟೆ.

ಬಗೆಹರಿದಿರಲಿಲ್ಲ. ಮರುದಿನದಿಂದ ಆ ಕಾಟು ಗುಡಿಯಾಯಿತು. ಕುಂಕುಮ, ಬಾಳೆಹಣ್ಣು, ಊದಿನಕಡ್ಡಿ. ಬಸುರಿಯರು ಹೊಟ್ಟೆಯ ಮೇಲೆ ಕೈ ಇಡಿಸಿಕೊಳ್ಳಲು ಬಂದರು. ನಳಿಗೆಯ ನೋವಿನಲ್ಲಿ ತುಟಿ ಕಚ್ಚಿಕೊಂಡೇ ಜೋಗವ್ವ ಎಲ್ಲರ ತಲೆ ಮುಟ್ಟಿದಳು. ಆದರೆ ಅವಳು ನೀರು ಕೇಳಿದರೆ? ಕೈ ಮುಗಿದರು. ನೀರು ಕೊಡಲಿಲ್ಲ. ಅವಳು ಮುಟ್ಟಿದ ಲೋಟ ತಮ್ಮ ಲೋಟದ ಜೊತೆ ಸೇರಬಾರದಲ್ಲ! ತಾಯಿ ಬಂದಳು ಎಂದು ಕೂಗಿದ ಆಯಾ ಇದ್ದಳಲ್ಲ, ಅವಳು ಕಾಟಿನ ಕೆಳಗಿನ ಬಾಟಲಿ ಖಾಲಿ ಮಾಡಲು ಒಲ್ಲೆ ಎಂದಳು. "ದೇವರ ಕೆಲಸಾ ಹೇಳ್ರಿ ಮಾಡ್ತೀನಿ, ಅಂಥಾದು ನನ್ನಿಂದ ಆಗೂದಿಲ್ಲ." ಮುದುಕಿ ಜೋಗತಿಯನ್ನು ಭೇಟಿಯ ಹೊತ್ತಿಗೆ ಮಾತ್ರ ಒಳಗೆ ಬಿಡುತ್ತಿದ್ದರು. ಹೀಗಾಗಿ ಬಾಟಲಿಯೂ ನನ್ನದೇ, ನೀರೂ ನನ್ನದೇ. ಕೆಲಸಕ್ಕೆ ನನಗೆ ಬೇಸರವಿಲ್ಲ. ಆ ಕೈ ಮುಗಿಯುವುದನ್ನು ಕಂಡರೆ ಮಾತ್ರ ಮೈ ಉರಿಯುತ್ತಿತ್ತು.

ಸೋಮವಾರ ಸಂಜೆ ಜೋಗವ್ವನಿಗೆ ಹೇಳಿದ್ದೆ: ನಾಳೆ ಆಪರೇಷನ್, ಬೆಳಿಗ್ಗೆ ಏನೂ ತಿನ್ನಬಾರದು, ನೀರೂ ಬೇಡ, ಹೊಟ್ಟೆಯಲ್ಲಿದ್ದದ್ದು ವಾಂತಿಯಾಗಿ ಶ್ವಾಸಕ್ಕೆ ಹೋದರೆ ಜೀವಕ್ಕೆ ಅಪಾಯ. ತಲೆಯಾಡಿಸಿದ್ದಳು. ಬೆಳಿಗ್ಗೆ ಬಂದು ಥಿಯೇಟರಿಗೆ ಕರೆದೊಯ್ಯಲು ಹೋದರೆ ಅವಳ ಗಲ್ಲದ ಮೇಲೆ ಹೋಳಿಗೆಯ ಹೂರಣ ಅಂಟಿತ್ತು.

"ಏನಿದು ಜೋಗವ್ವ?"

"ಬಾಯಿಗಿ ಇಟ್ರು ಬಾಯಾರ. ಇವತ್ತ ಮಂಗಳವಾರ. ತಾಯಿ ಹೆಸರೀಲೆ ಕೊಟ್ಟದ್ದ ಒಲ್ಲೆ ಅನ್ನಾಕ ಬರೂದಿಲ್ಲ ನಮಗ."

ಕೊಟ್ಟವಳು ಅದೇ ಅತ್ತೆ. ಮೊಮ್ಮಗ ಹುಟ್ಟಿದ ಸಂತೋಷಕ್ಕೆ, ಮನೆಯಿಂದ ಮಾಡಿಸಿ ತರಿಸಿದ ಹೋಳಿಗೆ, ಮೇಲೆ ಒಂದು ಲೋಟ ಹಾಲು. ನೀರು ಕೊಡದ ಕೈಯಿಂದ ಹೋಳಿಗೆ! ದೇವರಿಗೆ ನೈವೇದ್ಯ ಕೊಡಬಹುದು, ರೋಗಿಗೆ ನೀರು ಕೊಡಬಾರದು, ಇದು ನಮ್ಮ ಮಂದಿಯ ನ್ಯಾಯ.

ಸರ್ಜನ್ ಆಪರೇಷನ್ ಮಾಡಲಿಲ್ಲ. ಅವರದು ತಪ್ಪಲ್ಲ, ಯಾರೂ ಮಾಡುವುದಿಲ್ಲ. ಆದರೆ ಕೈ ತೊಳೆಯುತ್ತ ಒಂದು ಮಾತು ಸೇರಿಸಿದರು: "ಮುಂದಿನ ಮಂಗಳವಾರ ನೋಡೂಣ. ಈ ದೇವರ ಗದ್ದಲ ಬ್ಯಾಡ. ಗಂಡಸರ ವಾರ್ಡಿನಾಗ ಇಡ್ರಿ." ದೊಡ್ಡ ಡಾಕ್ಟರು ಹೂಂ ಎಂದರು. ನಾನು ಕೇಳಿಸದವಳಂತೆ ಅವಳನ್ನು ತಿರುಗಿ ನನ್ನ ವಾರ್ಡಿನ ಕಾಟಿಗೇ ಕರೆತಂದೆ.

ಮರುದಿನ ಜೋಗವ್ವನಿಗೆ ಚಳಿಜ್ವರ ಹಿಡಿಯಿತು. ಕಾಟು ಅಲುಗಾಡುವಂಥ ಚಳಿ. ಹರಳಿದ್ದ ಚೀಲದಲ್ಲಿ ಕೀವಾಗಿತ್ತು, ಅದು ರಕ್ತಕ್ಕೆ ಏರುತ್ತಿತ್ತು. ಇಂಜೆಕ್ಷನ್ ಕೊಟ್ಟೆವು, ಸಲಾಯಿನ್ ಏರಿಸಿದೆವು. ಆದರೆ ಹರಳು ಒಳಗೆ ಕೂತಿರುವವರೆಗೆ ಇದೆಲ್ಲ ತೂತು ಬಿದ್ದ ಕೊಡಕ್ಕೆ ನೀರು ತುಂಬಿದಂತೆ. ಮುಂದಿನ ಮಂಗಳವಾರದವರೆಗೆ ಈ ಜೀವ ಉಳಿಯುವುದಿಲ್ಲ ಎಂದು ನನಗೂ ಗೊತ್ತಿತ್ತು, ಡಾಕ್ಟರಿಗೂ ಗೊತ್ತಿತ್ತು. ಆ ಹೊತ್ತಿನಲ್ಲಿಯೂ ಯಾರೋ ಬಂದು ಕೂಸನ್ನು ಅವಳ ಎದೆಯ ಮೇಲೆ ಇಟ್ಟು "ಹರಸು ತಾಯಿ" ಎಂದರು. ನಾನು ಕೂಸನ್ನು ಎತ್ತಿ ಅವರ ಕೈಗೆ ಕೊಟ್ಟು, ಜೋಗವ್ವನ ಹತ್ತಿರ ಕೂತೆ. ಏನು ಮಾಡೋಣ ಹೇಳು ಎಂದು ಅವಳನ್ನೇ ಕೇಳಿದೆ.

ಅವಳು ಸ್ಟೂಲಿನ ಮೇಲಿನ ಕೊಡದ ಕಡೆ ತಿರುಗಿ ನೋಡಿದಳು. ಆಮೇಲೆ ಹೇಳಿದಳು: "ತಾಯೀನ ಮನಿಗೆ ಕಳಸ್ರಿ ಬಾಯಾರ. ಆಕಿ ಇಲ್ಲಿ ಇರೂತನಾ ಇವರ ಕಣ್ಣಿಗಿ ನಾ ಕಾಣೂದಿಲ್ಲ. ಆಕಿಗಿ ಜ್ವರ ಬಂದಿಲ್ಲ, ನನಗ ಬಂದೈತಿ."

ಮುದುಕಿಯನ್ನು ಒಳಗೆ ಕರೆಸಿದೆ. ಜೋಗವ್ವ ತಾನೇ ಎದ್ದು ಕೂತು, ಕೊಡಕ್ಕೆ ಕೈ ಮುಗಿದು, ಎತ್ತಿ ಅವಳಿಗೆ ಕೊಟ್ಟಳು. ಹಣೆಯ ಭಂಡಾರವನ್ನು ಸೆರಗಿನಿಂದ ಒರೆಸಿಕೊಂಡಳು. ಮುತ್ತು ಮಾತ್ರ ಕೊರಳಲ್ಲೇ ಉಳಿಯಿತು. ಕೊಡ ಬಾಗಿಲು ದಾಟುವಾಗ ಇಡೀ ವಾರ್ಡು ಹೆದರಿ ಎದ್ದು ನಿಂತಿತು.

ನಾನು ನಡುವೆ ನಿಂತು ಹೇಳಿದೆ: "ಕೇಳ್ರಿ ಎಲ್ಲಾರೂ. ತಾಯಿ ಹ್ವಾದಳು. ಇಲ್ಲಿ ಮಲಗಿದಾಕಿ ನಿಮ್ಮಂಗ ಒಬ್ಬಾಕಿ ಪೇಶಂಟು. ಕೈ ಮುಗಿಯೂದು ಬಂದ್. ನೀರು ಕೊಡೂದಿದ್ರ ಕೊಡ್ರಿ. ಈಕಿ ಇಲ್ಲಿರಬಾರದು ಅನ್ನೂದಿದ್ರ ನನ್ನ ಮುಂದ ಬಂದು ಅನ್ರಿ, ಹಿಂದ ಗುಸುಗುಸು ಬ್ಯಾಡ."

ಒಂದಿಬ್ಬರು ತಮ್ಮ ಲೋಟಗಳನ್ನು ಕಾಟಿನ ಕೆಳಗೆ ಸರಿಸಿದರು. ಇನ್ನೇನು ಎಲ್ಲ ಕೆಟ್ಟಿತು ಎಂದುಕೊಂಡೆ. ಆಗ ಆ ನೇಕಾರರ ಸೊಸೆ, ಬಾಣಂತಿ, ಮಾತೇ ಆಡದಿದ್ದ ಹುಡುಗಿ, ಕಾಟಿನಿಂದ ಇಳಿದಳು. ತನ್ನ ಲೋಟದಲ್ಲಿ ನೀರು ಬಗ್ಗಿಸಿಕೊಂಡು ಬಂದು, ಜೋಗವ್ವನ ತಲೆಯ ಹಿಂದೆ ಕೈ ಕೊಟ್ಟು ಕುಡಿಸಿದಳು.

"ಏ ಹುಚ್ಚಿ, ನಿನ್ನ ಲೋಟಾ ಬೇ ಅದು!" ಎಂದಳು ಅತ್ತೆ.

"ಹೌದ್ರಿ ಅತ್ತಿ, ನಂದ ಐತಿ. ನಿನ್ನೆ ನೀವು ಹೋಳಿಗಿ ತಿನಿಸಿ ಆಕೀನ ಸಾಯೂ ದಾರೀಗಿ ಹಚ್ಚೀರಿ. ನಾ ಒಂದ್ ಗುಟುಕ ನೀರರ ಕೊಡಬಾರದೇನು?"

ಅತ್ತೆ ಸೊಸೆಯನ್ನು ಬಿಟ್ಟು ನನ್ನ ಕಡೆ ತಿರುಗಿ, "ಖರೇನ್ರಿ ಬಾಯಾರ?" ಎಂದಳು. ತನ್ನ ಹೋಳಿಗೆಯಿಂದ ಆಪರೇಷನ್ ನಿಂತಿತು ಎಂಬುದನ್ನು ಆಕೆಗೆ ಯಾರೂ ಹೇಳಿಯೇ ಇರಲಿಲ್ಲ.

ಅಲ್ಲಿಂದ ನೇರ ಡಾಕ್ಟರ ಕೋಣೆಗೆ ಹೋದೆ. ಶುಕ್ರವಾರ ನಮ್ಮಲ್ಲಿ ಕುಟುಂಬ ಯೋಜನೆಯ ಆಪರೇಷನ್ ಕ್ಯಾಂಪ್ ಇತ್ತು, ಅದೇ ಸರ್ಜನ್ ಬರುವವರಿದ್ದರು. ಆ ಕಾಲದಲ್ಲಿ ಡಾಕ್ಟರರಿಗೆ ಕ್ಯಾಂಪಿನ ಟಾರ್ಗೆಟ್ ಎಂದರೆ ಪ್ರಾಣ. "ಶುಕ್ರವಾರ ಮೊದಲನೇ ಆಪರೇಷನ್ ಜೋಗವ್ವಂದು ಆಗ್ಬೇಕ್ರಿ ಸಾಹೇಬ್ರ. ಹೆಂಗಸರ ವಾರ್ಡಿನಿಂದನ ಹೋಗ್ತಾಳ, ಅಲ್ಲಿಗೇ ತಿರುಗಿ ಬರ್ತಾಳ" ಎಂದೆ.

"ತಲಿ ನೆಟ್ಟಗದ ಏನು ಸಿಸ್ಟರ್? ಕೀವಿನ ಕೇಸು ಮೊದಲ ಮಾಡಿದ್ರ ಕ್ಯಾಂಪ್ ಮಾಡೂದು ಹೆಂಗ?"

ಅದು ಖರೆ ಇತ್ತು. ಕೀವಿನ ಕೇಸು ಆದಮೇಲೆ ಅದೇ ಟೇಬಲ್ಲಿನ ಮೇಲೆ ಬೇರೆಯವರ ಹೊಟ್ಟೆ ಕೊಯ್ಯುವಂತಿಲ್ಲ. "ಹಂಗಾರ ಕಡೀಕ ಮಾಡ್ರಿ. ಆದ್ರ ಅವತ್ತ ಆಗ್ಬೇಕು. ಇಲ್ಲಂದ್ರ ಶುಕ್ರವಾರ ನಾ ಥಿಯೇಟರ್ ಡ್ರಮ್ಮು ತೆರೆಯೂದಿಲ್ಲ." ಸ್ಟೆರೈಲ್ ಮಾಡಿದ ಬಟ್ಟೆ, ಸಾಮಾನು ತುಂಬಿದ ಡ್ರಮ್ಮುಗಳನ್ನು ಜೋಡಿಸಿ ಕೊಡುವವಳು ನಾನೊಬ್ಬಳೇ. ಅದು ಅವರಿಗೂ ಗೊತ್ತಿತ್ತು.

"ಮೆಮೊ ಕೊಡ್ತೀನಿ!"

"ಕೊಡ್ರಿ. ಯಾಕ ತೆರೀಲಿಲ್ಲ ಅಂತ ಅದಕ್ಕ ಜವಾಬೂ ಬರೀತೀನಿ."

ಟೇಬಲ್ಲಿನ ಮೇಲಿನ ಪೆನ್ನನ್ನು ಎತ್ತಿ ಇಟ್ಟರು, ಮತ್ತೆ ಎತ್ತಿ ಇಟ್ಟರು. ಕೊನೆಗೆ ವಿಜಾಪುರಕ್ಕೆ ಫೋನ್ ಮಾಡಲು ಟ್ರಂಕ್ ಕಾಲ್ ಬುಕ್ ಮಾಡಿದರು.

ಶುಕ್ರವಾರವೂ ತಾಯಿಯ ವಾರವೇ. ಬೆಳಿಗ್ಗೆ ಬೇಗನೆ ಓಡಿ ಬಂದೆ. ವಾರ್ಡಿನ ಬಾಗಿಲಲ್ಲಿ ಊರಿನ ನಾಲ್ಕಾರು ಹೆಂಗಸರು ಹಾಲು, ಹಣ್ಣು ಹಿಡಿದು ನಿಂತಿದ್ದರು, ಜೋಗವ್ವ ಇಲ್ಲಿದ್ದಾಳೆಂದು ಸುದ್ದಿ ಹಬ್ಬಿತ್ತು. ಅವರಿಗೆ ಅಡ್ಡವಾಗಿ, ಸೊಂಟಕ್ಕೆ ಸೆರಗು ಸಿಗಿಸಿ ನಿಂತವಳು ಯಾರು? ಅದೇ ಅತ್ತೆ! "ಒಳಗ ಬಿಡೂದಿಲ್ಲ. ಇವತ್ತ ಆಕೀದು ಹೊಟ್ಟಿ ಖಾಲಿ ಇರಬೇಕು. ನಿಮ್ಮ ಹಾಲ ನೀವ ಕುಡೀರಿ, ನಡೀರಿ!" ನಾನು ಆ ಅತ್ತೆಯ ಬೆನ್ನಿಗೊಂದು ಗುದ್ದು ಕೊಟ್ಟು ನಕ್ಕುಬಿಟ್ಟೆ.

ಕ್ಯಾಂಪ್ ಮುಗಿಯುವಷ್ಟರಲ್ಲಿ ಬಿಸಿಲು ಇಳಿದಿತ್ತು. ಜೋಗವ್ವನನ್ನು ಮಗ್ಗುಲಾಗಿ ಮಡಚಿ ಮಲಗಿಸಿ ಹಿಡಿದುಕೊಂಡೆ, ಬೆನ್ನೆಲುಬಿನ ಸಂದಿಗೆ ಮರಗಟ್ಟಿಸುವ ಸೂಜಿ ಕೊಟ್ಟರು. ಮುತ್ತು ತೆಗೆಯಬೇಕು ಎಂದರು ಸರ್ಜನ್. "ಅದು ತಾಳಿ ಇದ್ದಂಗ್ರಿ" ಎಂದು ಗಾಜ್ ಬಟ್ಟೆಯಲ್ಲಿ ಸುತ್ತಿ ಹೆಗಲಿಗೆ ಪಟ್ಟಿ ಹಚ್ಚಿದೆ. ಅವರು ಚಾಕುವಿಗೆ ಕೈ ಚಾಚಿದರು. ಹರಳು ಕೋಳಿಮೊಟ್ಟೆಯಷ್ಟಿತ್ತು. ಕಿಡ್ನಿ ಟ್ರೇಗೆ ಬಿದ್ದಾಗ ಖಣ್ ಎಂದಿತು. ಸರ್ಜನ್ ಅದನ್ನು ನೋಡಿ, "ಎಷ್ಟ ವರ್ಷ ಹೊತ್ತಾಳ ಇದನ್ನ!" ಎಂದರು.

ಹೊತ್ತೇ ಹೊತ್ತಿದ್ದಳು. ಯಾವ ದವಾಖಾನೆಗೆ ಹೋದರೂ ಸೀರೆ ಎತ್ತಿ ನೋಡುತ್ತಾರೆಂದು ಹೋಗಿರಲಿಲ್ಲ. ಆಮೇಲೆ ಅವಳೇ ನನಗೆ ಹೇಳಿದ್ದು.

ಜ್ವರ ಇಳಿಯಿತು. ಗಾಯ ಮಾಗಿತು. ನಳಿಗೆ ತೆಗೆದು, ಅವಳಷ್ಟಕ್ಕೆ ಅವಳು ಬಚ್ಚಲಿಗೆ ಹೋಗಿ ಬಂದ ದಿನ ವಾರ್ಡಿನ ಹೆಂಗಸರು "ಆತೇನ ಬೇ?" ಎಂದು ಕೂಗಿ ಕೇಳಿದರು. "ಆತ್ ಬೇ!" ಎಂದು ಅವಳೂ ಕೂಗಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಮನೆಗೆ ಹೋಗುವ ದಿನ ಮುದುಕಿ ಜೋಗತಿ ಕೊಡ ತಂದಳು. ಜೋಗವ್ವ ಭಂಡಾರ ಹಚ್ಚಿಕೊಂಡು ಪಡಸಾಲೆಗೆ ಬಂದರೆ ಅಲ್ಲಿ ದೊಡ್ಡ ಡಾಕ್ಟರ ಹೆಂಡತಿ ತಟ್ಟೆಯಲ್ಲಿ ಸೀರೆ, ತೆಂಗಿನಕಾಯಿ ಹಿಡಿದು ನಿಂತಿದ್ದರು. ಮಗಳ ಲಗ್ನ ಗೊತ್ತಾಗಿತ್ತಂತೆ, ತಾಯಿಯ ಹರಕೆ ಬೇಕಂತೆ. ಅವರ ಹಿಂದೆ, ಬೂಟು ಬಿಚ್ಚಿ, ಕೈ ಮುಗಿದು ನಮ್ಮ ಡಾಕ್ಟರು! ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಜೋಗವ್ವ ಮಾತ್ರ ಮನಸಾರೆ ಹರಸಿದಳು. ಆಮೇಲೆ ಡಾಕ್ಟರ ಕಡೆ ತಿರುಗಿದಳು.

"ಸಾಹೇಬ್ರ, ನನ್ನಂಥಾಕಿ ಇನ್ನೊಬ್ಬಾಕಿ ಬಂದ್ರ ಹೆಂಗಸರ ಕಡೆ ಒಂದ್ ಕಾಟು ಕೊಡ್ರಿ. ಮತ್ತೇನ ಕೇಳೂದಿಲ್ಲ."

"ನೋಡೂಣಂತ" ಎಂದರು ಡಾಕ್ಟರು.

"ಛಲೋ ಆತು. ನೀವು ನೋಡೂತನಾ ನಾ ಕುಂದರ್ತೀನಿ." ಅವರ ಕೋಣೆಯ ಬಾಗಿಲಿಗೆ ಎದುರಾಗಿ, ಕೊಡವನ್ನು ತೊಡೆಯ ಮೇಲೆ ಇಟ್ಟುಕೊಂಡು ನೆಲದ ಮೇಲೆ ಕೂತೇಬಿಟ್ಟಳು.

ತೋರಿಸಿಕೊಳ್ಳಲು ಬಂದ ಮಂದಿ ಒಬ್ಬೊಬ್ಬರಾಗಿ ಅವಳ ಸುತ್ತ ಕೂತರು. ತಾಯಿಯನ್ನು ದಾಟಿ ಕೋಣೆಗೆ ಹೋಗುವ ಧೈರ್ಯ ಒಬ್ಬರಿಗೂ ಇಲ್ಲ. ಡ್ರೆಸ್ಸರನೂ ಬಂದು ದೂರದಿಂದ ಕೈ ಮುಗಿದ. ಖಾಲಿ ಕೋಣೆಯಲ್ಲಿ ಕೂತು ಕೂತು ಸಾಕಾಗಿ ಡಾಕ್ಟರು ಹೊರಗೆ ಬಂದರು. ಬೆವರು ಒರೆಸಿಕೊಂಡು, ಎಲ್ಲರಿಗೂ ಕೇಳಿಸುವಂತೆ ಹೇಳಿದರು: "ಸಿಸ್ಟರ್, ಇನ್ ಮ್ಯಾಲೆ ಇವರ ಪೈಕಿ ಯಾರ ಬಂದ್ರೂ ಹೆಂಗಸರ ವಾರ್ಡಿನಾಗ ಕಾಟು ಕೊಡ್ರಿ. ತಾಯಿ ಮಾತು, ಆಗ್ಲಿ."

ಜೋಗವ್ವ ನನ್ನ ಕೈ ಹಿಡಿದು ಎದ್ದಳು. ಕೊಡವನ್ನು ತಲೆಯ ಮೇಲೆ ಏರಿಸಿಕೊಂಡಳು.

"ತಾಯಿ ಕೇಳಿದ್ಲು, ಕೊಟ್ರಿ" ಎಂದಳು. "ಅವತ್ತ ನಾ ಹೊಟ್ಟಿ ಹಿಡಕೊಂಡು ಕೇಳಿದಾಗ ಯಾಕ ಕೊಡಲಿಲ್ಲ ಸಾಹೇಬ್ರ?"